ಟಾಟಾ 407: ಹೊಸ ಫ್ಲೋಟ್ ಹಾಕಿದರೂ ಡೀಸೆಲ್ ಮುಳ್ಳು ಸರಿ ತೋರಿಸುತ್ತಿಲ್ಲ

ತಿಪಟೂರು 407
ಎಲ್ಲರಿಗೂ ನಮಸ್ಕಾರ. ಗಾಡಿ ಟಾಟಾ 407, 1997 ಮಾಡೆಲ್, 12 ವೋಲ್ಟ್. ಕೊಬ್ಬರಿ, ತೆಂಗಿನಕಾಯಿ ಲೋಡು ಹೊಡೀತೀವಿ. ಡೀಸೆಲ್ ಮೀಟರ್ ಕಂಪನಿಯದ್ದಲ್ಲ. ಹಿಂದಿನ ಮಾಲೀಕರು ಮೀಟರ್ರು, ಟ್ಯಾಂಕಿನೊಳಗೆ ಡೀಸೆಲ್ ಮಟ್ಟ ಅಳೆಯುವ ಫ್ಲೋಟು ಎರಡನ್ನೂ ಸೆಟ್ಟಾಗಿ ಹೊರಗಿನದು ಹಾಕಿಸಿದ್ದರು. ನಾನು ತಗೊಂಡ ಮೇಲೂ ಬಹಳ ಕಾಲ ಸರಿಯಾಗೇ ನಡೀತು. ಈ ವರ್ಷ ಮುಳ್ಳು ಕುಣಿಯೋಕೆ ಶುರುವಾಯ್ತು. ಮುಕ್ಕಾಲಿನಿಂದ ದಿಢೀರ್ ಅಂತ ಫುಲ್ಲಿಗೆ ಹೋಗೋದು, ವಾಪಸ್ ಬರೋದು.

ಮೆಕ್ಯಾನಿಕ್ ಫ್ಲೋಟ್ ಹೋಗಿದೆ ಅಂದರು. ಜೆ.ಸಿ. ರೋಡಿನಿಂದ ಹೊಸದು ತರಿಸಿ ಹಾಕಿದ್ವಿ. ಫುಲ್ ಟ್ಯಾಂಕ್ ಹೊಡೆಸಿದರೂ ಮುಳ್ಳು ಅರ್ಧಕ್ಕೇ ನಿಂತಿತು. ಅಂಗಡಿಯವರು ಬೇರೆ ಕೊಟ್ಟರು. ಎರಡನೆಯದರಲ್ಲಿ ಫುಲ್ಲಿಗೆ ಫುಲ್ ತೋರಿಸ್ತು, ಸರಿಯಾಯ್ತು ಅಂದುಕೊಂಡ್ವಿ. ಆಮೇಲೆ ಮಂಗಳೂರಿನಿಂದ ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಹತ್ತುತ್ತಾ ಗಾಡಿ ನಿಂತುಬಿಡ್ತು. ಮುಳ್ಳು ಕಾಲು ಟ್ಯಾಂಕ್ ಇದೆ ಅಂತಲೇ ತೋರಿಸ್ತಿತ್ತು. ಕೋಲು ಇಳಿಸಿ ನೋಡಿದರೆ ಟ್ಯಾಂಕಿನ ತಳ ಮಾತ್ರ ಒದ್ದೆ.

ಈಗ ಮೀಟರ್ ಬದಲಿಸಿ ಅಂತಿದ್ದಾರೆ. ಬದಲಿಸಬೇಕಾ? ಅದಕ್ಕೆ ಮೊದಲು ಇನ್ನೇನಾದರೂ ನೋಡಬೇಕಾ?

ಗದಗ ಡ್ರೈವರ್
ಅಣ್ಣಾರ, ಮದಲ ಒಂದು ಮಾತು. ಮುಳ್ಳು ಸರಿ ಆಗೂತನಕ ಕೋಲು ಬಿಡಬ್ಯಾಡ್ರಿ. ಪಂಪಿನ್ಯಾಗ ಐದೈದು ಲೀಟರ್ ಹಾಕ್ಸಿಕೋತ ಒಣಾ ಬಿದಿರು ಕೋಲಿಗೆ ಗೆರಿ ಹೊಡ್ಕೋರಿ, ಗಾಡಿ ಸಮಾ ನೆಲದಮ್ಯಾಲ ಇರಬೇಕು. ಡೀಸೆಲ್ ಖಾಲಿಯಾಗಿ ನಿಂತರ ತ್ರಾಸು ನಿಮಗ ಗೊತ್ತೈತಿ. ಲೈನಿನ್ಯಾಗ ಗಾಳಿ ತುಂಬತೈತಿ, ಡೀಸೆಲ್ ಹಾಕಿದ ಕೂಡ್ಲೇ ಚಾಲೂ ಆಗಂಗಿಲ್ಲ. ಫೀಡ್ ಪಂಪಿನ ಕೈಪಂಪು ಒತ್ತಿ ಒತ್ತಿ, ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡಿಲ ಮಾಡಿ ಗುಳ್ಳಿ ನಿಲ್ಲೂತನಕ ಏರ್ ತಗೀಬೇಕು. ತಳದಾಗಿನ ಕಸಾ ಎಲ್ಲಾ ಫಿಲ್ಟರಿಗೆ ಬಂದಿರತೈತಿ, ಅದನ್ನೂ ನೋಡ್ರಿ. ಘಾಟಿನ್ಯಾಗ ಲೋಡ್ ಗಾಡಿ ನಿಂತರ ಹಿಂದಿನವರಿಗೂ ಅಪಾಯ.

ಹಾಸನ ವೈರಿಂಗ್
ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡ್ತೀನಿ, ಇಂಥ ಗಾಡಿಗಳು ಬರ್ತಾನೇ ಇರ್ತವೆ. ಮೀಟರಿಗೆ ಈಗಲೇ ದುಡ್ಡು ಹಾಕಬೇಡಿ ಸಾರ್.

ನಿಮ್ಮ ಮೊದಲನೇ ಫ್ಲೋಟ್ ಫುಲ್ ಟ್ಯಾಂಕಿಗೆ ಅರ್ಧ ತೋರಿಸಿತು ಅಂದಿರಲ್ಲ, ಅದೊಂದೇ ಮಾತಿನಲ್ಲಿ ಅದರ ಜಾತಕ ಗೊತ್ತಾಗುತ್ತೆ. ಫ್ಲೋಟ್ ಅಂದರೆ ಡೀಸೆಲ್ ಮೇಲೆ ತೇಲುವ ಗುಂಡು, ಅದನ್ನು ಕೀಲಿಗೆ ಸೇರಿಸುವ ಕಡ್ಡಿ, ಒಳಗೆ ಒಂದು ರೆಸಿಸ್ಟೆನ್ಸ್ ಪಟ್ಟಿ, ಅದರ ಮೇಲೆ ಜಾರುವ ಒಂದು ಕಾಂಟ್ಯಾಕ್ಟ್, ಅಷ್ಟೇ. ಡೀಸೆಲ್ ಏರಿದ ಹಾಗೆ ಓಮ್, ಅಂದರೆ ರೆಸಿಸ್ಟೆನ್ಸಿನ ಅಳತೆ, ಬದಲಾಗುತ್ತೆ, ಮೀಟರ್ ಆ ಓಮನ್ನು ಓದುತ್ತೆ. ತೊಂದರೆ ಏನಂದರೆ ಎಲ್ಲರ ಲೆಕ್ಕ ಒಂದೇ ಅಲ್ಲ. ಜರ್ಮನಿಯ ವಿಡಿಒ ಕಂಪನಿಯ ಪದ್ಧತಿಯಲ್ಲಿ ಖಾಲಿಗೆ 10 ಓಮ್, ಫುಲ್ಲಿಗೆ 180. ಅಮೆರಿಕದ ಜಿಎಂ ಗಾಡಿಗಳ ಲೆಕ್ಕ ಖಾಲಿಗೆ 0, ಫುಲ್ಲಿಗೆ 90. ದೋಣಿಗೂ ಜನರೇಟರಿಗೂ ಬರುವ ಯೂನಿವರ್ಸಲ್ ಮಾಲಿನಲ್ಲಿ ಪೂರ್ತಿ ಉಲ್ಟಾ, ಖಾಲಿಗೆ 240, ಫುಲ್ಲಿಗೆ 33. ಡಬ್ಬಿ ಮೇಲೆ ‘ಎಲ್ಲ ಗಾಡಿಗೂ ಆಗುತ್ತೆ’ ಅಂತ ಇರುತ್ತೆ. ಸ್ಕ್ರೂ ತೂತು ಕೂಡಬಹುದು, ಓಮ್ ಕೂಡಬೇಕಲ್ಲ.

ನಿಮ್ಮ ಮೀಟರ್ 10–180ರದ್ದಾಗಿದ್ದು ಅದಕ್ಕೆ 0–90ರ ಫ್ಲೋಟ್ ಹಾಕಿದರೆ ಏನಾಗುತ್ತೆ? ಫುಲ್ ಟ್ಯಾಂಕಿನಲ್ಲಿ ಫ್ಲೋಟ್ 90 ಹೇಳುತ್ತೆ. ಆ ಮೀಟರಿಗೆ 90 ಅಂದರೆ ಅರ್ಧ. ನಿಮಗೆ ಆಗಿದ್ದು ಅದೇ ಅನ್ನೋದು ನನ್ನ ಅಂದಾಜು. ಅಂದಾಜಿನ ಮೇಲೆ ನಿಲ್ಲೋದು ಬೇಡ, ಮೂರು ವಿಷಯ ಹೇಳಿ: ಮೀಟರ್ ಹಿಂದೆ ಏನಾದರೂ ಅಂಕಿ ಇದೆಯಾ? ಚಾವಿ ಆನ್ ಮಾಡಿದ ಕೂಡಲೇ ಮುಳ್ಳು ಪಟ್ ಅಂತ ಏರುತ್ತಾ, ನಿಧಾನಕ್ಕೆ ತೆವಳುತ್ತಾ? ಟೆಂಪರೇಚರ್ ಮೀಟರ್ ಸರಿ ಇದೆಯಾ?

ಚನ್ನರಾಯಪಟ್ಟಣ ಲಾರಿ
ಇಷ್ಟೆಲ್ಲ ಯಾಕೆ? ಕಂಪನಿ ಫ್ಲೋಟ್ ತಂದು ಹಾಕಿದರೆ ಮುಗೀತು. ಡೂಪ್ಲಿಕೇಟ್ ಸಾಮಾನು ತಂದು ವಾರಗಟ್ಟಲೆ ಪರದಾಡೋದಕ್ಕಿಂತ ಒಂದು ಸಲ ಹೆಚ್ಚು ಕೊಡೋದು ವಾಸಿ.

ಹಾಸನ ವೈರಿಂಗ್
ಅಣ್ಣ, ಗಾಡಿ ಹುಟ್ಟಿದಾಗ ಇದ್ದಂತೆ ಇದ್ದರೆ ನೀವು ಹೇಳಿದ್ದೇ ಸರಿ, ನಾನೂ ಅದನ್ನೇ ಹೇಳ್ತಿದ್ದೆ. ಇವರದ್ದರಲ್ಲಿ ಮೀಟರೇ ಹೊರಗಿನದು. ಅದರ ಲೆಕ್ಕ ಕಂಪನಿ ಫ್ಲೋಟಿಗೆ ಹೊಂದುತ್ತೆ ಅಂತ ಯಾರು ಹೇಳ್ತಾರೆ? ಕಂಪನಿಯದ್ದು ಹಾಕಬೇಕಾದರೆ ಮೀಟರ್, ಫ್ಲೋಟ್ ಎರಡೂ ಹಾಕಬೇಕು. ಒಂದು ಕಂಪನಿಯದ್ದು, ಒಂದು ಹೊರಗಿನದು ಅಂದಾಗಲೇ ಗೊಂದಲ ಶುರುವಾಗೋದು.

ತಿಪಟೂರು 407
ಮೀಟರ್ ಬಿಚ್ಚಿ ನೋಡಿದೆ. ಹಿಂದೆ 12 ವೋಲ್ಟ್, 10–180 ಅಂತ ಅಚ್ಚಿದೆ. ಮುಳ್ಳು ಪಟ್ ಅಂತ ಏರುತ್ತೆ. ಟೆಂಪರೇಚರ್ ಮೀಟರಿನಲ್ಲಿ ಏನೂ ತೊಂದರೆ ಇಲ್ಲ. ಮೊದಲನೇ ಫ್ಲೋಟ್ ಅಂಗಡಿಗೆ ವಾಪಸ್ ಹೋಗಿದೆ, ಅಳೆಯೋಕೆ ಆಗಲ್ಲ. ಕುಣಿಯುತ್ತಿದ್ದ ಹಳೆಯದು ಮನೆಯಲ್ಲೇ ಇದೆ.

ಹಾಸನ ವೈರಿಂಗ್
ಒಳ್ಳೆಯದಾಯ್ತು, ಹಳೆಯದನ್ನು ಎಸೆಯಬೇಡಿ.

ಟೆಂಪರೇಚರ್ ಯಾಕೆ ಕೇಳಿದೆ ಅಂದರೆ, ಎರಡು ಮೀಟರೂ ಒಟ್ಟಿಗೆ ಒಂದೇ ಕಡೆಗೆ ತಪ್ಪಿದರೆ ಫ್ಲೋಟನ್ನು ಮುಟ್ಟಲೇಬಾರದು. ಮೀಟರ್ ಬೋರ್ಡಿನ ಅರ್ತ್ (ಚಾಸಿಯ ಮೂಲಕ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ಸಂಪರ್ಕ) ನೋಡಬೇಕು, ಇಲ್ಲವೇ ಅಲ್ಲಿಗೆ ಬರುವ ಕರೆಂಟು. ತೆವಳುವ ಮುಳ್ಳಿನ ಹಳೇ ಮೀಟರುಗಳ ಒಳಗೆ ಬಿಸಿಯಾಗಿ ಬಾಗುವ ಲೋಹದ ಪಟ್ಟಿ ಇರುತ್ತೆ. ಬ್ರಿಟಿಷ್ ಮೂಲದ ಗಾಡಿಗಳ ಸ್ಮಿತ್ಸ್ ಮೀಟರಿಗೆ 10 ವೋಲ್ಟ್ ಕೊಡುವ ಒಂದು ಸಣ್ಣ ಸ್ಟೆಬಿಲೈಸರ್ ಬರುತ್ತಿತ್ತು. ಅದು ಕೆಟ್ಟರೆ ಎರಡೂ ಮುಳ್ಳು ಒಟ್ಟಿಗೆ ಮೇಲೆ ಹೋಗ್ತವೆ, ಜನ ಫ್ಲೋಟ್ ಮೇಲೆ ಫ್ಲೋಟ್ ತರ್ತಾರೆ. ನಿಮ್ಮದು ಆ ತರದ್ದಲ್ಲ.

ಈಗ ಮೀಟರ್ ಪರೀಕ್ಷೆ. ಟ್ಯಾಂಕಿನ ಮೇಲೆ ಫ್ಲೋಟಿಗೆ ಹೋಗುವ ವೈರ್ ಬಿಚ್ಚಿ, ಚಾವಿ ಆನ್ ಮಾಡಿ. ಮುಳ್ಳು ಫುಲ್ ದಾಟಿ ಹೋಗಬೇಕು. ಅದೇ ವೈರನ್ನು ಚಾಸಿಗೆ ಮುಟ್ಟಿಸಿದರೆ ಖಾಲಿಗೆ ಇಳಿಯಬೇಕು. ಕಿಡಿ ಟ್ಯಾಂಕಿನ ಬಾಯಿಯ ಹತ್ತಿರ ಬೇಡ, ವೈರ್ ಉದ್ದ ಮಾಡಿಕೊಂಡು ದೂರ ಮುಟ್ಟಿಸಿ. ಡೀಸೆಲ್ ಅಂತ ಉದಾಸೀನ ಮಾಡಬಾರದು, ಖಾಲಿ ಟ್ಯಾಂಕಿನೊಳಗೆ ಆವಿ ಇರುತ್ತೆ.

ಎಸ್.ಪಿ. ರೋಡ್ ಎಲೆಕ್ಟ್ರಾನಿಕ್ಸ್
ಮೇಲಿನ ಪರೀಕ್ಷೆ ಎರಡು ತುದಿ ಮಾತ್ರ ಹೇಳುತ್ತೆ, ನಡುವಿನದ್ದನ್ನು ಹೇಳಲ್ಲ. ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 10, 82, 180 ಓಮ್ ರೆಸಿಸ್ಟರ್ ಸಿಗುತ್ತೆ. ಮೂರೂ ಮಾಮೂಲಿ ಬೆಲೆಗಳೇ, ಹುಡುಕಬೇಕಿಲ್ಲ. ಒಂದು ವ್ಯಾಟಿನದು ತಗೊಳ್ಳಿ, ಕೆಲವೇ ರೂಪಾಯಿ. ಫ್ಲೋಟ್ ವೈರಿಗೂ ಚಾಸಿಗೂ ನಡುವೆ ಒಂದೊಂದನ್ನೇ ಹಾಕಿ ನೋಡಿ. 10ಕ್ಕೆ ಖಾಲಿ, 82ಕ್ಕೆ ಹೆಚ್ಚೂ ಕಡಿಮೆ ಅರ್ಧ, 180ಕ್ಕೆ ಫುಲ್ ಬಂದರೆ ಮೀಟರೂ ಸರಿ, ಅಲ್ಲಿಗೆ ಹೋಗುವ ವೈರೂ ಸರಿ. ಹೊಸ ಮೀಟರಿನ ದುಡ್ಡು ಉಳೀತು.

ಡಲ್ಲಾಸ್ ಕನ್ನಡಿಗ
ಊರು ಅರಸೀಕೆರೆ, ಇರೋದು ಟೆಕ್ಸಸ್. ನನ್ನ ಹತ್ತಿರ 1984ರ ಶೆವರ್ಲೆ ಸಿ10 ಪಿಕಪ್ ಇದೆ, ಹಾಸನದವರು ಹೇಳಿದ 0–90ರ ಲೆಕ್ಕದ್ದು. ಇಲ್ಲೂ ಇದೇ ಗೋಳು. ಹಳೇ ಟ್ರಕ್ಕುಗಳಿಗೆ ಈಗ ಬರುವ ಹೊರಗಿನ ಫ್ಲೋಟುಗಳಲ್ಲಿ ಡಬ್ಬಿ ಬಿಚ್ಚಿದ ಹಾಗೇ ಸರಿ ಕೂರುವಂಥದ್ದು ಅಪರೂಪ. ಅದಕ್ಕೇ ಇಲ್ಲಿನ ಹಳಬರು ಒಳಗೆ ಹಾಕುವ ಮೊದಲೇ ಕೈಯಲ್ಲಿ ಹಿಡಿದು ಅಳೀತಾರೆ.

ನನ್ನ ಗಾಡಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಟ್ಯಾಂಕ್, ಡ್ಯಾಶ್‌ಬೋರ್ಡಿನಲ್ಲಿ ಬದಲಿಸುವ ಸ್ವಿಚ್. ಹಾಗಾಗಿ ತಪ್ಪು ಹುಡುಕೋದು ಸುಲಭ. ಎರಡೂ ಟ್ಯಾಂಕಿನಲ್ಲಿ ಒಂದೇ ತರ ತಪ್ಪಿದರೆ ಮೀಟರ್ ಕಡೆ, ಒಂದರಲ್ಲಿ ಮಾತ್ರ ತಪ್ಪಿದರೆ ಆ ಟ್ಯಾಂಕಿನ ಕಡೆ. ಈ ಮೀಟರಿನ ಹಿಂದೆ ಒಂದು ಸಣ್ಣ ರೆಸಿಸ್ಟರ್ ತಟ್ಟೆ ಬರುತ್ತೆ. ಅದು ಸುಟ್ಟರೆ ಅಥವಾ ರಿಪೇರಿಯಲ್ಲಿ ಬಿಟ್ಟುಹೋದರೆ ಎಷ್ಟು ಒಳ್ಳೇ ಫ್ಲೋಟ್ ಹಾಕಿದರೂ ಲೆಕ್ಕ ಕೂಡಲ್ಲ.

ಇಲ್ಲಿನ ಹಳೇ ಫೋರ್ಡ್ ಪಿಕಪ್ ಇಟ್ಟುಕೊಂಡವರು ನಮ್ಮ ಮಾತು ಕೇಳಿ ವೈರ್ ಬಿಚ್ಚಿದರೆ ಗಾಬರಿಯಾಗ್ತಾರೆ. 1986ರವರೆಗಿನ ಅವುಗಳಲ್ಲಿ ಖಾಲಿಗೆ 73 ಓಮ್, ಫುಲ್ಲಿಗೆ 10. ವೈರ್ ಬಿಚ್ಚಿದರೆ ಮುಳ್ಳು ಖಾಲಿಗೆ ಬೀಳುತ್ತೆ, ಅರ್ತ್ ಮಾಡಿದರೆ ಫುಲ್. ಅದಕ್ಕೇ ಮೊದಲು ಗಾಡಿಯ ಲೆಕ್ಕ ಗೊತ್ತಿರಬೇಕು.

ಹಾಸನ ವೈರಿಂಗ್
ಡಲ್ಲಾಸಿನವರು ಬಹಳ ಮುಖ್ಯವಾದ್ದನ್ನು ಎತ್ತಿದರು. ಅದನ್ನೇ ಇನ್ನೊಂದು ಕಡೆಯಿಂದ ನೋಡಿ. ಅರ್ತ್ ಕೊಳೆಯಾದರೆ ದಾರಿಯಲ್ಲಿ ಓಮ್ ಜಾಸ್ತಿಯಾಗುತ್ತೆ. ಫೋರ್ಡ್ ತರದ ಲೆಕ್ಕದಲ್ಲಿ ಓಮ್ ಜಾಸ್ತಿ ಅಂದರೆ ಡೀಸೆಲ್ ಕಡಿಮೆ, ಹಾಗಾಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತೆ. ಡ್ರೈವರ್ ಬೇಗ ಪಂಪಿಗೆ ಹೋಗ್ತಾನೆ, ನಷ್ಟ ಇಲ್ಲ. ತಿಪಟೂರಿನವರ 10–180ರಲ್ಲಿ ಓಮ್ ಜಾಸ್ತಿ ಅಂದರೆ ಡೀಸೆಲ್ ಜಾಸ್ತಿ. ಅದೇ ಕೊಳೆ, ಅದೇ ತುಕ್ಕು, ಇಲ್ಲಿ ಇಲ್ಲದ ಡೀಸೆಲ್ ತೋರಿಸುತ್ತೆ. ಘಾಟಿಯಲ್ಲಿ ನಿಲ್ಲಿಸೋದು ಇದೇ. ಖಾಲಿ ಕಡೆಯಲ್ಲಿ ಹತ್ತು ಹದಿನೈದು ಓಮ್ ಹೆಚ್ಚಾದರೂ ಮುಳ್ಳು ಎದ್ದು ಕಾಣುವಷ್ಟು ಮೇಲೆ ನಿಲ್ಲುತ್ತೆ.

ಅಳೆಯೋದು ಹೀಗೆ. ಚಾವಿ ಆಫ್, ಬ್ಯಾಟರಿ ಅರ್ತ್ ಬಿಚ್ಚಿ, ಫ್ಲೋಟ್ ವೈರ್ ಬಿಚ್ಚಿ. ಕರೆಂಟಿರುವ ಲೈನಿನಲ್ಲಿ ಓಮ್ ಅಳೆಯಬಾರದು, ಲೆಕ್ಕವೂ ತಪ್ಪುತ್ತೆ, ಮಲ್ಟಿಮೀಟರೂ ಹೋಗುತ್ತೆ. ಟ್ಯಾಂಕ್ ಈಗ ಹೇಗೂ ಖಾಲಿ ಹತ್ತಿರ ಇರೋದರಿಂದ ಮೊದಲು ಫ್ಲೋಟ್ ತುದಿಗೂ ಅದೇ ಫ್ಲೋಟಿನ ಮೇಲಿನ ತಟ್ಟೆಗೂ ನಡುವೆ ಅಳೆಯಿರಿ. ಆಮೇಲೆ ಫ್ಲೋಟ್ ತುದಿಗೂ ಚಾಸಿಯ ಬಣ್ಣ ಕೆರೆದ ಜಾಗಕ್ಕೂ ಅಳೆಯಿರಿ. ಎರಡು ಅಂಕಿಯ ಅಂತರ ಎಷ್ಟೋ ಅಷ್ಟು ನಿಮ್ಮ ಅರ್ತ್ ದೋಷ. ಕೊನೆಗೆ ಫ್ಲೋಟ್ ಹೊರಗೆ ತೆಗೆದು, ಕಡ್ಡಿ ಪೂರ್ತಿ ಕೆಳಗೆ ಬಿಟ್ಟು, ಪೂರ್ತಿ ಮೇಲೆ ಎತ್ತಿ ಅಳೆಯಿರಿ.

ತಿಪಟೂರು 407
ರೆಸಿಸ್ಟರ್ ಪರೀಕ್ಷೆ ಮಾಡಿದೆ, ಮೀಟರ್ ಮೂರಕ್ಕೂ ಸರಿಯಾಗಿ ನಿಂತಿತು. ಎಸ್.ಪಿ. ರೋಡಿನವರಿಗೆ ತುಂಬಾ ಥ್ಯಾಂಕ್ಸ್.

ಹೊಸ ಫ್ಲೋಟ್ ಕೈಯಲ್ಲಿ: ಕೆಳಗೆ 11, ಮೇಲೆ 181. ಅಂದರೆ ಮಾಲು 10–180ರದ್ದೇ. ಖಾಲಿ ಟ್ಯಾಂಕಿನೊಳಗೆ ಇದ್ದಾಗ ತಟ್ಟೆಗೆ ಅಳೆದರೆ 29. ಚಾಸಿಗೆ ಅಳೆದರೆ 44.

ಹಾಸನ ವೈರಿಂಗ್
ಈ ನಾಲ್ಕು ಅಂಕಿಯಲ್ಲಿ ಎಲ್ಲ ಇದೆ ಸಾರ್.

29 ಮತ್ತು 44ರ ನಡುವಿನ 15 ಓಮ್ ಅರ್ತ್ ದೋಷ. 11 ಮತ್ತು 29ರ ನಡುವಿನ 18 ಓಮ್ ಬೇರೆಯೇ ರೋಗ: ಕಡ್ಡಿ ಕೈಯಲ್ಲಿ ಇಳಿಯುವಷ್ಟು ಕೆಳಗೆ ಟ್ಯಾಂಕಿನೊಳಗೆ ಇಳಿಯುತ್ತಿಲ್ಲ. ಫ್ಲೋಟ್ ಮೊದಲೇ ತಳಕ್ಕೆ ತಾಗಿ ಕೂತಿದೆ. ಎರಡೂ ಸೇರಿ ಮೀಟರಿಗೆ 44 ಹೋಗ್ತಿದೆ, ಅದು ಕಾಲು ಟ್ಯಾಂಕ್ ಅಂತ ತೋರಿಸ್ತಿದೆ. ಒಂದನ್ನು ಮಾತ್ರ ಸರಿ ಮಾಡಿದ್ದರೆ ಸ್ವಲ್ಪ ಸುಧಾರಿಸಿ, ಇನ್ನೊಂದು ಸಲ ನಿಲ್ಲಿಸ್ತಿತ್ತು.

ಅರ್ತ್ ಮೊದಲು. ಟ್ಯಾಂಕ್ ಕೂತಿರೋದು ಪಟ್ಟಿ ಮೇಲೆ, ಪಟ್ಟಿಯ ಕೆಳಗೆ ರಬ್ಬರ್. ಮೇಲೆ ಬಣ್ಣ, ಮಣ್ಣು, ಡೀಸೆಲ್ ಜಿಡ್ಡು. ಟ್ಯಾಂಕಿಗೂ ಚಾಸಿಗೂ ಲೋಹದ ಸಂಪರ್ಕ ಇದೆ ಅಂತ ನಂಬೋದೇ ಬೇಡ. ಹೊಸ ಫ್ಲೋಟಿಗೆ ದಪ್ಪ ರಬ್ಬರ್ ಪ್ಯಾಕಿಂಗ್, ಅದರ ಮೇಲೆ ಮೆಕ್ಯಾನಿಕ್ ಸಿಲಿಕೋನ್ ಪೇಸ್ಟ್ ಬಳಿದಿರ್ತಾರೆ, ಸ್ಕ್ರೂ ಎಳೆಗೂ ಪೇಸ್ಟ್ ಹೋಗಿರುತ್ತೆ. ಸೋರದೇ ಇರೋಕೆ ಅದು ಒಳ್ಳೆಯದು, ಅರ್ತಿಗೆ ಕೆಟ್ಟದ್ದು. ಫ್ಲೋಟಿನ ತಟ್ಟೆಯ ಒಂದು ಸ್ಕ್ರೂಗೆ ತಿಂಬಲ್ (ವೈರ್ ತುದಿಯ ಲೋಹದ ಉಂಗುರ) ಹಾಕಿ, ಅಲ್ಲಿಂದ ನೇರ ಚಾಸಿಗೆ ಪ್ರತ್ಯೇಕ ವೈರ್ ಎಳೆಯಿರಿ. ಚಾಸಿಯ ಕಡೆ ಎಮರಿಯಲ್ಲಿ ಉಜ್ಜಿ ಹೊಳೆಯುವ ಲೋಹ ಕಾಣಬೇಕು. ಬಿಗಿ ಮಾಡಿದ ಮೇಲೆ ಗ್ರೀಸ್ ಹಚ್ಚಿ, ಮಳೆಗಾಲಕ್ಕೆ ಬೇಕು.

ಇನ್ನು ಕಡ್ಡಿ. ಫ್ಲೋಟಿನ ಕೀಲು ಟ್ಯಾಂಕಿನ ಆಳದ ನಡುಮಧ್ಯೆ ಇರಬೇಕು ಅನ್ನೋದು ನಿಯಮ. ನಿಮ್ಮದು ಫುಲ್ಲಿಗೆ ಫುಲ್ ತೋರಿಸಿ ಖಾಲಿಯಲ್ಲಿ ತಪ್ಪುತ್ತಿದೆ, ಹಾಗಾದರೆ ಕೀಲು ಬೇಕಾದ್ದಕ್ಕಿಂತ ಕೆಳಗಿದೆ. ಕೀಲು ಹಿಡಿದಿರುವ ಪಟ್ಟಿಯಲ್ಲಿ ಉದ್ದನೆ ತೂತು ಇದ್ದರೆ ಸ್ಕ್ರೂ ಸಡಿಲಿಸಿ ಮೇಲಕ್ಕೆ ಜರುಗಿಸಿ. ಇಲ್ಲದಿದ್ದರೆ ಕಡ್ಡಿಯನ್ನು ಸ್ವಲ್ಪ ಮೇಲಕ್ಕೆ ಬಗ್ಗಿಸಬೇಕು. ಬಗ್ಗಿಸುವಾಗ ಕೀಲಿನ ಹತ್ತಿರ ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಬಲ ಪೂರ್ತಿ ಕಡ್ಡಿಗೇ ಬೀಳಲಿ. ಕೀಲಿಗೆ ಬಿದ್ದರೆ ಒಳಗಿನ ಪಟ್ಟಿ ಬಿರುಕು ಬಿಡುತ್ತೆ.

ಟ್ಯಾಂಕಿಗೆ ಹಾಕಿ ತೆಗೆದು ಮಾಡೋದು ಬೇಡ. ಟ್ಯಾಂಕಿನ ಒಳಗಿನ ಆಳ ಕೋಲಿನಲ್ಲಿ ಅಳೆದು, ಅಷ್ಟೇ ಎತ್ತರಕ್ಕೆ ಮೇಜಿನ ಅಂಚಿನಲ್ಲಿ ಫ್ಲೋಟ್ ತಟ್ಟೆ ಕಟ್ಟಿ. ಕೆಳಗೆ ಹಲಗೆ ಇಡಿ, ಅದೇ ಟ್ಯಾಂಕಿನ ತಳ. ಫ್ಲೋಟ್ ಹಲಗೆಗೆ ತಾಗಿದಾಗ 11–12 ಬರೋ ತನಕ ಸರಿ ಮಾಡಿ.

ಚನ್ನರಾಯಪಟ್ಟಣ ಲಾರಿ
ಹಾಗೆ ಬಗ್ಗಿಸಿದರೆ ಫುಲ್ ಕಡೆ ತಪ್ಪಲ್ವಾ?

ಹಾಸನ ವೈರಿಂಗ್
ತಪ್ಪುತ್ತೆ ಅಣ್ಣ, ಫುಲ್ಲಿಗಿಂತ ಸ್ವಲ್ಪ ಕೆಳಗೆ ನಿಲ್ಲಬಹುದು. ನಾನು ಯಾವಾಗಲೂ ಖಾಲಿ ಕಡೆ ಸರಿ ಮಾಡ್ತೀನಿ, ಫುಲ್ ಕಡೆ ಬಂದಷ್ಟು ಬರಲಿ. ಫುಲ್ ಟ್ಯಾಂಕ್ ಹೊಡೆಸಿದ್ದು ಡ್ರೈವರಿಗೆ ಗೊತ್ತೇ ಇರುತ್ತೆ. ಖಾಲಿಯಾಗ್ತಿರೋದು ಗೊತ್ತಾಗೋದು ಮುಳ್ಳಿನಿಂದ ಮಾತ್ರ.

ಗದಗ ಡ್ರೈವರ್
ಖರೆ ಮಾತು ಹೇಳಿದ್ರಿ. ಇನ್ನೊಂದು ನೆನಪಿಡ್ರಿ, ಘಾಟಿ ಹತ್ತುವಾಗ ಡೀಸೆಲ್ ಹಿಂದಕ್ಕ ಸರೀತೈತಿ, ಇಳಿಯುವಾಗ ಮುಂದಕ್ಕ. ಪೈಪು ಇರೂ ಕಡೆ ಡೀಸೆಲ್ ಇರಲಿಕ್ಕರ ಟ್ಯಾಂಕಿನ್ಯಾಗ ಸ್ವಲ್ಪ ಉಳದಿದ್ರೂ ಗಾಳಿ ಎಳೀತೈತಿ. ಮುಳ್ಳು ಎಷ್ಟು ಸರಿ ಇದ್ರೂ ಕಾಲು ಟ್ಯಾಂಕಿಗಿಂತ ಕಡಿಮಿ ಇಟ್ಕೊಂಡು ಲೋಡ್ ಗಾಡಿ ಘಾಟಿಗೆ ಬಿಡಬ್ಯಾಡ್ರಿ.

ಸಕಲೇಶಪುರ ಎಸ್ಟೇಟ್
ನಮ್ಮ ತೋಟದ ಗಾಡಿಯದ್ದೂ ಹೊರಗಿನ ಮೀಟರ್, ಹೊರಗಿನ ಫ್ಲೋಟ್. ಲಕ್ಷಣ ಬೇರೆ. ತಿಂಗಳುಗಟ್ಟಲೆ ಮುಳ್ಳು ಫುಲ್ಲಿನ ಮೇಲೇ ನಿಂತಿರುತ್ತೆ, ತೀರಾ ತಳಕ್ಕೆ ಬಂದಾಗ ಒಂದೇ ಸಲ ಖಾಲಿಗೆ ಬೀಳುತ್ತೆ. ನಡುವೆ ಎಲ್ಲೂ ನಿಲ್ಲಲ್ಲ. ಇದೂ ಓಮ್ ಲೆಕ್ಕದ್ದೇ ತೊಂದರೆಯಾ?

ಹಾಸನ ವೈರಿಂಗ್
ಮೇಡಂ, ನಿಮ್ಮದು ಹತ್ತು ನಿಮಿಷದ ಕೆಲಸ ಆಗಿರಬಹುದು. ಫ್ಲೋಟಿನ ಮೇಲೆ ಎರಡು ವೈರ್ ತುದಿ ಇದೆಯಾ ನೋಡಿ. ವಿಡಿಒ ಪದ್ಧತಿಯಲ್ಲಿ ‘ಜಿ’ ಅನ್ನೋದು ಮೀಟರಿಗೆ, ‘ಡಬ್ಲ್ಯೂ’ ಅನ್ನೋದು ಡೀಸೆಲ್ ಕಡಿಮೆಯಾದಾಗ ಹತ್ತುವ ದೀಪಕ್ಕೆ, ‘31’ ಅಂತಿದ್ದರೆ ಅದು ಅರ್ತ್. ದೀಪದ ತುದಿಯಲ್ಲಿ ಬರೀ ಸ್ವಿಚ್ ಇರುತ್ತೆ, ಡೀಸೆಲ್ ತಳಕ್ಕೆ ಬಂದಾಗ ಮಾತ್ರ ಅರ್ತಿಗೆ ಮುಟ್ಟುತ್ತೆ. ಮೀಟರ್ ವೈರನ್ನು ಅಲ್ಲಿಗೆ ಕೊಟ್ಟಿದ್ದರೆ ನೀವು ಹೇಳಿದ ಹಾಗೇ ಆಗುತ್ತೆ: ವೈರ್ ತೆರೆದಿರುವಷ್ಟು ಹೊತ್ತು ಫುಲ್, ಸ್ವಿಚ್ ಮುಟ್ಟಿದ ಕೂಡಲೇ ಖಾಲಿ. ಅದಲು ಬದಲು ಮಾಡಿ ನೋಡಿ.

ಸಕಲೇಶಪುರ ಎಸ್ಟೇಟ್
ಎರಡು ತುದಿ ಇದೆ! ಮೀಟರ್ ವೈರ್ ಡಬ್ಲ್ಯೂನಲ್ಲೇ ಇತ್ತು. ಬದಲಿಸಿದ ಮೇಲೆ ಅರ್ಧಕ್ಕಿಂತ ಸ್ವಲ್ಪ ಮೇಲೆ ತೋರಿಸ್ತಿದೆ, ಕೋಲಿನ ಲೆಕ್ಕಕ್ಕೂ ಸರಿ ಹೊಂದುತ್ತೆ. ತುಂಬಾ ಉಪಕಾರ ಆಯ್ತು.

ತಿಪಟೂರು 407
ಕೆಲಸ ಮುಗೀತು. ಕೀಲಿನ ಪಟ್ಟಿಯಲ್ಲಿ ಜರುಗಿಸುವ ಜಾಗ ಇತ್ತು, ಮೇಲಕ್ಕೆ ತಂದು ಮೇಜಿನ ಮೇಲೆ ಹಲಗೆ ಇಟ್ಟೇ ಹೊಂದಿಸಿದ್ವಿ. ಅರ್ತಿಗೆ ಬೇರೆ ವೈರ್ ಎಳೆದ್ವಿ. ಖಾಲಿ ಟ್ಯಾಂಕಿನಲ್ಲಿ ಈಗ ಚಾಸಿಗೆ ಅಳೆದರೆ 12 ಓಮ್. ಹತ್ತು ಹತ್ತು ಲೀಟರ್ ಹಾಕಿಸುತ್ತಾ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತೆ ಅಂತ ಮೀಟರ್ ಗಾಜಿನ ಪಕ್ಕ ಗುರುತು ಮಾಡಿದ್ದೀನಿ. 60 ಲೀಟರ್ ಟ್ಯಾಂಕಿಗೆ ಫುಲ್ ಗೆರೆಗಿಂತ ಕೂದಲೆಳೆ ಕೆಳಗೆ ನಿಲ್ಲುತ್ತೆ, ಅಷ್ಟು ಸಾಕು. ಹಾಸನದ ಅಣ್ಣನಿಗೆ, ಎಲ್ಲರಿಗೂ ಕೃತಜ್ಞತೆ.

ಹಳೇ ಫ್ಲೋಟ್ ಏನು ಮಾಡಲಿ? ಅದು ಕೈಯಲ್ಲಿ 10ರಿಂದ 178 ತೋರಿಸುತ್ತೆ, ಆದರೆ ಮುಕ್ಕಾಲಿನ ಹತ್ತಿರ ಅಂಕಿ ಮಾಯವಾಗುತ್ತೆ.

ಡಲ್ಲಾಸ್ ಕನ್ನಡಿಗ
ಅದನ್ನು ರಿಪೇರಿ ಮಾಡಿ ಇಟ್ಟುಕೊಳ್ಳಿ, ಹೊಸದಕ್ಕಿಂತ ಅದೇ ಹೆಚ್ಚು ಬಾಳಿಕೆ ಬಂದರೂ ಬರಬಹುದು. ಮುಚ್ಚಳದ ಕಿವಿ ಬಿಡಿಸಿ, ಒಳಗಿನ ಪಟ್ಟಿಯನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಯಿರಿ. ಎಮರಿ ಹಾಕಬೇಡಿ, ಸಣ್ಣ ತಂತಿ ಸುತ್ತಿದ್ದರೆ ಸವೆದು ಹರಿಯುತ್ತೆ. ಜಾರುವ ಕಾಂಟ್ಯಾಕ್ಟ್ ಸಡಿಲವಾಗಿದ್ದರೆ ಸ್ವಲ್ಪವೇ ಒಳಕ್ಕೆ ಒತ್ತಿ. ಆಮೇಲೆ ಮುಳ್ಳಿನ ಹಳೇ ಮಲ್ಟಿಮೀಟರ್ ಸಿಕ್ಕರೆ ಅದರಲ್ಲಿ ಅಳೆಯಿರಿ, ಕಡ್ಡಿ ನಿಧಾನಕ್ಕೆ ಎತ್ತುತ್ತಾ ಹೋದರೆ ಎಲ್ಲಿ ಸಂಪರ್ಕ ತಪ್ಪುತ್ತೆ ಅಂತ ಕಣ್ಣಿಗೆ ಕಾಣುತ್ತೆ. ಡಿಜಿಟಲ್ ಮೀಟರಿನ ಅಂಕಿ ಬದಲಾಗೋಕೆ ಸಮಯ ಹಿಡಿಯೋದರಿಂದ ಸಣ್ಣ ಬಿಟ್ಟ ಜಾಗ ತಪ್ಪಿಹೋಗುತ್ತೆ.

ಫ್ಲೋಟ್ ಗುಂಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಡೀಸೆಲ್ ಸದ್ದು ಬಂದರೆ ತೂತಾಗಿದೆ ಅಂತ ಅರ್ಥ. ಸದ್ದಿಲ್ಲದಿದ್ದರೂ ಬಿಸಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ, ಸಣ್ಣ ತೂತಿದ್ದರೆ ಗುಳ್ಳೆ ಏಳುತ್ತೆ.

ತಿಪಟೂರು 407
ಗುಳ್ಳೆ ಬಂದರೆ? ಇದು ಹಿತ್ತಾಳೆ ಗುಂಡು.

ಹಾಸನ ವೈರಿಂಗ್
ಒಳಗಿನ ಡೀಸೆಲ್ ಪೂರ್ತಿ ತೆಗೆದು ಒಣಗಿಸದೆ ಬೆಂಕಿ ತೋರಿಸಬೇಡಿ. ತೂತು ಸ್ವಲ್ಪ ದೊಡ್ಡದು ಮಾಡಿ ಬಸಿದು, ಬಿಸಿಲಲ್ಲಿ ಇಟ್ಟು, ವಾಸನೆ ಹೋದ ಮೇಲೆ ಕಾಯಿಸಿದ ಕಬ್ಬಿಣದಲ್ಲಿ ಬೆಸುಗೆ ಹಾಕಿಸಿ. ಗ್ಯಾಸ್ ಜ್ವಾಲೆ ಬೇಡ. ಬೆಸುಗೆ ತೆಳುವಾಗಿರಲಿ, ದಪ್ಪ ಹಾಕಿದರೆ ಗುಂಡು ಭಾರವಾಗಿ ಡೀಸೆಲ್‌ನಲ್ಲಿ ತಗ್ಗಿ ಕೂರುತ್ತೆ, ಮುಳ್ಳು ಕಡಿಮೆ ತೋರಿಸುತ್ತೆ. ಮುಗಿದ ಮೇಲೆ ಮತ್ತೆ ಬಿಸಿ ನೀರಿಗೆ ಹಾಕಿ ನೋಡಿ, ಗುಳ್ಳೆ ಇಲ್ಲದಿದ್ದರೆ ಓಮ್ ಅಂಕಿ ಬರೆದ ಚೀಟಿ ಕಟ್ಟಿ ಗಾಡಿಯ ಟೂಲ್ ಬಾಕ್ಸಿನಲ್ಲಿಡಿ.